ಗಡಿ ಕೆರೆಯಲ್ಲಿ ವಸಂತಳಿಗೆ ಎಡೆ

ಸಿದ್ಧಾರ್ಥನಗರ

ನಾನು ಮೈಸೂರು ಬಿಟ್ಟು ದೂರ ಹೋದವಳಲ್ಲ. ಸಿದ್ಧಾರ್ಥನಗರದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡು ರವಿಕೆ ಹೊಲಿಯುತ್ತೇನೆ. ಇಂಥವಳು ಕೆನಡಾ ಮತ್ತು ಅಮೆರಿಕದ ಗಡಿಯಲ್ಲಿರುವ ಒಂದು ಕಾಡಿನ ಕೆರೆಯಲ್ಲಿ ದೋಣಿಗೆ ಹುಟ್ಟು ಹಾಕಿ ಬಂದೆ ಎಂದರೆ ನಮ್ಮ ಬೀದಿಯವರೇ ಪೂರ್ತಿ ನಂಬಿಲ್ಲ. ಹೋದದ್ದು ನೋಡುವುದಕ್ಕಲ್ಲ, ಆದರೂ ನೋಡಿದ್ದು ಬಹಳ. ಅದನ್ನು ಬರೆದರೆ ಮನಸ್ಸು ಹಗುರವಾಗಬಹುದು ಎಂದು ಕೂತಿದ್ದೇನೆ.

ನನ್ನ ತಂಗಿ ವಸಂತ ಆ ಕಡೆ ನರ್ಸ್ ಆಗಿದ್ದಳು. ಕೆನಡಾದ ಒಂಟಾರಿಯೊ ಪ್ರಾಂತ್ಯದ ಉತ್ತರ ಭಾಗದಲ್ಲಿ, ಒಂದು ದೊಡ್ಡ ಸರೋವರದ ದಡದಲ್ಲಿರುವ ಊರು. ಅಲ್ಲಿನ ಬಡಗಿಯೊಬ್ಬರನ್ನು ಮದುವೆಯಾದಳು. ಅವರ ಹೆಸರು ಏರೊ. ಅಜ್ಜನ ಕಾಲದಲ್ಲಿ ಫಿನ್‌ಲೆಂಡಿನಿಂದ ಬಂದು ನೆಲೆಸಿದ ಮನೆತನ. ನಮ್ಮವ್ವನ ಬಾಯಲ್ಲಿ ಆ ಹೆಸರು ನಿಲ್ಲಲಿಲ್ಲ. ಅಳಿಯ ಮೊದಲ ಸಲ ಮೈಸೂರಿಗೆ ಬಂದ ದಿನವೇ ಈರಣ್ಣನಾದರು, ಈಗಲೂ ನಮಗೆಲ್ಲ ಈರಣ್ಣನೇ. ಅವರಿಬ್ಬರ ಮಗಳು ಮೀರಾ, ಕಾಲೇಜು ಮುಗಿಸುವ ವಯಸ್ಸು.

ಹೋದ ಚಳಿಗಾಲ ವಸಂತ ತೀರಿಕೊಂಡಳು. ಕಾಯಿಲೆ ಗೊತ್ತಾದ ಕೂಡಲೇ ನಾನು ವೀಸಾಕ್ಕೆ ಹಾಕಿದ್ದೆ. ಅದು ಕೈಗೆ ಬರುವಷ್ಟರಲ್ಲಿ ಅವಳಿರಲಿಲ್ಲ. ನನ್ನ ತಂಗಿಯ ಸಂಸ್ಕಾರವನ್ನು ನಾನು ಫೋನಿನಲ್ಲಿ ನೋಡಿದೆ. ಚಳಿ ಕಳೆದು ಕೆರೆಯ ಮೇಲಿನ ಮಂಜುಗಡ್ಡೆ ಕರಗಿದ ಮೇಲೆ ಅಪ್ಪ ಮಗಳು ಅವಳ ಬೂದಿಯನ್ನು ದೋಣಿಯಲ್ಲಿ ಒಯ್ದು, ಅವಳಿಗೆ ಇಷ್ಟವಾದ ಒಂದು ಬಂಡೆಯ ಬುಡದಲ್ಲಿ ನೀರಿಗೆ ಬಿಟ್ಟರು.

ನಮ್ಮ ಕಡೆ ಮಹಾಲಯ ಅಮಾವಾಸ್ಯೆಯಲ್ಲಿ ತೀರಿಕೊಂಡವರಿಗೆ ಎಡೆ ಇಡುತ್ತೇವೆ. ಅವರಿಗೆ ಇಷ್ಟವಾದ ಅಡುಗೆ ಮಾಡಿ, ಹೊಸ ಬಟ್ಟೆ ಇಟ್ಟು, ಸಾಂಬ್ರಾಣಿ ಹೊಗೆ ಹಾಕಿ, ಮನೆಯವರೆಲ್ಲ ಹೊರಗೆ ಬಂದು ಬಾಗಿಲು ಮುಚ್ಚಿಬಿಡುತ್ತೇವೆ. ಬಂದವರು ಸಂಕೋಚವಿಲ್ಲದೆ ಉಣ್ಣಲಿ ಎಂದು. ಸ್ವಲ್ಪ ಹೊತ್ತು ಬಿಟ್ಟು ಮನೆಯ ಹಿರಿಯರು ಚಪ್ಪಾಳೆ ತಟ್ಟಿ ಬಾಗಿಲು ತೆಗೆಯುತ್ತಾರೆ. ಆಮೇಲೆ ನಮ್ಮ ಊಟ. ವಸಂತಳಿಗೆ ಇದು ಮೊದಲ ಎಡೆ. ಅದನ್ನು ಅವಳು ಇರುವ ಕಡೆಯೇ ಇಡಬೇಕು ಎಂದು ನನಗೆ ಅನ್ನಿಸಿತು. ಫೋನಿನಲ್ಲಿ ಮೀರಾಗೆ ಅಷ್ಟೇ ಹೇಳಿದೆ.

"ಬಂದ್ಬುಡು ದೊಡ್ಡಮ್ಮ," ಅಂದಳು. "ಅಮ್ಮನ ಬಂಡೆ ತಾವೇ ಮಡಗನ. ಅಪ್ಪ ದೋಣೀಲಿ ಕರ್ಕೊಂಡ್ ಓಯ್ತಾರೆ."

ನಮ್ಮ ಯಜಮಾನರು ಆಟೋ ಓಡಿಸುತ್ತಾರೆ. ಏನನ್ನುತ್ತಾರೋ ಎಂದು ನಾನು ಹೆದರುತ್ತಲೇ ಕೇಳಿದೆ. ಊಟದ ತಟ್ಟೆಯಿಂದ ತಲೆ ಎತ್ತದೆ ಹೇಳಿದರು: "ನಿಮ್ಮಪ್ಪ ಅವ್ವಂಗೆ ಇಲ್ಲಿ ನಾನೇ ಎಡೆ ಮಡಗ್ತೀನಿ. ಸಾರು ಕೆಟ್ರೂ ಅವ್ರೇನೂ ಬಯ್ಯಲ್ಲ ಬುಡು. ನೀನು ಓಗಿ ನಿನ್ ತಂಗಿಗೆ ಮಡಗ್ಬುಟ್ಟು ಬಾ."

ಪಕ್ಕದ ಮನೆ ಸಾವಿತ್ರಮ್ಮ ಮಾತ್ರ ಸುಮ್ಮನೆ ಕಳಿಸಲಿಲ್ಲ. "ದೋಣಿ ತಳ್ಳಕ್ಕೆ ಅಷ್ಟು ದೂರ ಯಾಕಮ್ಮ? ಕಾರಂಜಿ ಕೆರೇಲಿ ಕಾಲಲ್ಲಿ ತುಳ್ಕೊಂಡು ಒಂದ್ ಸುತ್ತು ಬರ್ಬೋದಿತ್ತಲ್ಲ ಕಣಮ್ಮ," ಎಂದು ನಕ್ಕರು. ಆಮೇಲೆ ಅಟ್ಟದ ಮೇಲಿಂದ ತಮ್ಮ ದೊಡ್ಡ ಸೂಟ್‌ಕೇಸ್ ಇಳಿಸಿ, ಒರೆಸಿ ಕೊಟ್ಟರು. ನನ್ನ ಕಣ್ಣು ಒದ್ದೆಯಾದದ್ದು ನೋಡಿ, "ಚಕ್ರ ಮುರ್ಕೊಂಡ್ ಬಂದೀಯ ಮತ್ತೆ," ಎಂದು ಒಳಗೆ ಹೋದರು.

ಸೂಟ್‌ಕೇಸಿನಲ್ಲಿ ರಾಗಿ ಹಿಟ್ಟು, ಸಾರಿನ ಪುಡಿ, ಹುಣಸೆಹಣ್ಣು, ಸಾಂಬ್ರಾಣಿ, ಎಡೆಗೆಂದು ಮುತ್ತುಗದ ಎಲೆಯ ಕಟ್ಟು, ಒಂದು ಹತ್ತಿ ಸೀರೆ, ವಸಂತಳ ಅಳತೆಗೆ ಹೊಲಿದ ರವಿಕೆ. ಅವಳ ಅಳತೆಗೆ ನನಗೆ ಟೇಪು ಬೇಕಾಗಿರಲಿಲ್ಲ. ಕೊನೆಗೆ ನೆನಪಾಗಿ ಮುದ್ದೆ ಕೋಲನ್ನೂ ಓರೆಯಾಗಿ ತುರುಕಿದೆ.

ವಿಮಾನ ಇಳಿದ ಕಡೆ

ಕೆನಡಾದಲ್ಲಿ ವಿಮಾನ ಇಳಿದು ಹೊರಗೆ ಬರುವಾಗ ಒಬ್ಬ ಅಧಿಕಾರಿ ನನ್ನ ಸೂಟ್‌ಕೇಸ್ ತೆಗೆಸಿದರು. ನನ್ನ ಇಂಗ್ಲಿಷು ರವಿಕೆಯ ಕತ್ತು ಎಷ್ಟು ಆಳ ಎಂದು ಕೇಳುವಷ್ಟು. ಮುದ್ದೆ ಕೋಲನ್ನು ಕೈಯಲ್ಲಿ ಹಿಡಿದು ಅವರು ಹಿಂದೆ ಮುಂದೆ ತಿರುಗಿಸಿದರು. ನಾನು ನೆಲದ ಮೇಲೆ ಪಾತ್ರೆ ಇದೆ ಅಂದುಕೊಂಡು ಬಗ್ಗಿ, ಕಾಲಲ್ಲಿ ಅದುಮಿ, ಎರಡೂ ಕೈಯಲ್ಲಿ ತಿರುವಿ ತೋರಿಸಿದೆ. ಹಿಂದಿನ ಸಾಲಿನವರು ಸರಿದು ಜಾಗ ಬಿಟ್ಟರು. ಅಧಿಕಾರಿಗೆ ಏನು ಅರ್ಥವಾಯಿತೋ, ಕೋಲು ವಾಪಸು ಇಟ್ಟರು. ಸಾರಿನ ಪುಡಿಯ ಪೊಟ್ಟಣ ಮೂಸಿ ನೋಡಿ ಸೀನಿದರು. ಮುತ್ತುಗದ ಎಲೆಯ ಕಟ್ಟನ್ನು ಮಾತ್ರ ಬಿಡಲಿಲ್ಲ. ಗಿಡಮರದ ಎಲೆ ಒಳಗೆ ತರುವಂತಿಲ್ಲವಂತೆ. ಎಡೆಗೆ ಎಲೆ ಇಲ್ಲದಂತಾಯಿತು.

ಅಲ್ಲಿಂದ ಸಣ್ಣ ವಿಮಾನ ಹತ್ತಿ ಇಳಿದ ನಿಲ್ದಾಣದಲ್ಲಿ ಮೀರಾ ಬಂದು ತಬ್ಬಿಕೊಂಡಳು. ಈರಣ್ಣ ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದರು. ಎತ್ತರದ ಆಳು, ಕೂದಲೆಲ್ಲ ಬೆಳ್ಳಗಾಗಿದೆ. "ಅಕ್ಕ," ಅಂದರು. ವಸಂತ ಕರೆಯುತ್ತಿದ್ದ ಹಾಗೇ, ಕೊನೆಯಲ್ಲಿ ಒಂಚೂರು ಎಳೆದು. ಆಮೇಲೆ ಮನೆ ತಲುಪುವವರೆಗೂ ಅವರು ಮಾತಾಡಲಿಲ್ಲ. ಆ ಮನೆತನದವರೆಲ್ಲ ಹೀಗೇ ಎಂದು ವಸಂತ ಹಿಂದೆ ಹೇಳಿದ್ದಳು. ಮಾತಿಲ್ಲದೆ ಕೂರುವುದು ಅವರಲ್ಲಿ ಮುನಿಸಲ್ಲ, ಮರ್ಯಾದೆ. ನನಗೆ ಅದು ಒಗ್ಗಿತು. ಮೈಸೂರಿನಲ್ಲಿ ಎಂಟು ತಿಂಗಳಿನಿಂದ ಎಲ್ಲರಿಗೂ ಅದೇ ಸಾವನ್ನು ಮೊದಲಿಂದ ಕೊನೆವರೆಗೆ ಹೇಳಿ ಹೇಳಿ ನನ್ನ ಗಂಟಲು ಸೋತಿತ್ತು.

ಅಡುಗೆಮನೆಯ ಮೇಜು

ಮಾರನೆಯ ಬೆಳಿಗ್ಗೆ ಈರಣ್ಣ ಅಡುಗೆಮನೆಯ ಮೇಜಿನ ಮೇಲೆ ಭೂಪಟ ಹರಡಿದರು. ನಾಲ್ಕು ಮೂಲೆಗೆ ಕಾಫಿ ಲೋಟಗಳನ್ನು ಇಟ್ಟು ಒತ್ತಿದರು. ಹಸಿರಿನ ನಡುವೆ ಎಲ್ಲಿ ನೋಡಿದರೂ ನೀಲಿ, ಗೋಡೆಯ ಸುಣ್ಣ ಉದುರಿದ ಹಾಗೆ ಚೂರು ಚೂರು ಕೆರೆಗಳು. ಅವುಗಳ ಮೇಲೆಯೇ ಒಂದು ಗೆರೆ, ನಾವು ಬಟ್ಟೆಗೆ ಕಚ್ಚಾ ಹೊಲಿಗೆ ಹಾಕಿದಂತೆ ಬಿಟ್ಟು ಬಿಟ್ಟು ಎಳೆದದ್ದು.

"ಇದೇ ಗಡಿ," ಅಂದಳು ಮೀರಾ. "ಈ ಕಡೆ ನಮ್ದು, ಆ ಕಡೆ ಅಮೆರಿಕದ್ದು."

"ನೀರಿನ ಮೇಲೆ ಬೇಲಿ ಹಾಕವ್ರಾ?"

"ಬೇಲೀನೂ ಇಲ್ಲ, ಏನೂ ಇಲ್ಲ ದೊಡ್ಡಮ್ಮ. ಬರೀ ನೀರು."

ಮೀರಾಳ ಕನ್ನಡ ಕೇಳುವುದೇ ನನಗೊಂದು ಹಬ್ಬ. ಅದನ್ನು ಅವಳು ತಾಯಿಯೊಬ್ಬಳಿಂದಲೇ ಕಲಿತದ್ದು. ನಮ್ಮ ಬೀದಿಯ ಮಕ್ಕಳು ಈಗ ಆಡದ ಮಾತೆಲ್ಲ ಅವಳ ಬಾಯಲ್ಲಿವೆ. 'ಮಡಗು' ಎನ್ನುತ್ತಾಳೆ, 'ಓಯ್ತೀನಿ' ಎನ್ನುತ್ತಾಳೆ. ಒಳಕೋಣೆಯಿಂದ ಅವಳು ಕೂಗಿದಾಗ ಎರಡು ಸಲ ನಾನು ವಸಂತಳೆಂದೇ ತಿರುಗಿದೆ.

ನಾವು ಹೋಗಬೇಕಾದ ದೋಣಿಗೆ ಕನೂ ಎನ್ನುತ್ತಾರೆ. ಸಪೂರ, ಎರಡು ತುದಿಯೂ ಚೂಪು. ಕೆರೆಯಿಂದ ಕೆರೆಗೆ ನೀರಿನ ದಾರಿ ಇಲ್ಲದ ಕಡೆ ಅದನ್ನು ಹೆಗಲ ಮೇಲೆ ಹೊತ್ತು ಕಾಡಿನಲ್ಲಿ ನಡೆಯಬೇಕು. ಸಾಮಾನನ್ನೂ ಬೆನ್ನ ಮೇಲೆ ಹೊರಬೇಕು. ಅದಕ್ಕೇ ಈರಣ್ಣ ಪ್ರತಿಯೊಂದನ್ನೂ ಕೈಯಲ್ಲಿ ಎತ್ತಿ ತೂಗಿ ನೋಡಿ, ಬೇಕೋ ಬೇಡವೋ ಎಂದು ನನ್ನ ಮುಖ ನೋಡುತ್ತಿದ್ದರು. ಮೂರನೆಯ ಪಾತ್ರೆ ಬೇಡ ಎಂದೆ. ನನ್ನ ಶಾಲು ಬೇಡ ಎಂದೆ. ಮುದ್ದೆ ಕೋಲು ಎತ್ತಿದರು. ಈ ಸಲ ನನ್ನ ಮುಖವನ್ನೂ ನೋಡದೆ ಅವರೇ ಚೀಲಕ್ಕೆ ಹಾಕಿದರು. ಎಲೆ ಇಲ್ಲವಲ್ಲ ಎಂದು ಮೀರಾ ಹೇಳಿದಾಗ ಕಪಾಟಿನಿಂದ ಒಂದು ಸ್ಟೀಲ್ ತಟ್ಟೆ ತಂದರು. ಅಂಚಿನಲ್ಲಿ 'ಎಂ. ವಸಂತ' ಎಂದು ಕೊರೆದಿತ್ತು. ಮದುವೆಗೆ ನಮ್ಮವ್ವ ಕೊಟ್ಟಿದ್ದು.

"ಎಡೆ ಎಲ್ಲಿ ಇಡೋದು?" ಎಂದೆ. "ಬಾಗ್ಲು ಬೇಕಲ್ಲ. ಟೆಂಟ್ ಒಳಗೆ ಮಡಗಿ ಜಿಪ್ ಎಳೆದ್ರೆ ಆಗಲ್ವಾ?"

ಈರಣ್ಣನಿಗೆ ಕನ್ನಡ ಅಲ್ಪಸ್ವಲ್ಪ ತಿಳಿಯುತ್ತದೆ, ಆಡಲು ಬಾರದು. ಮೀರಾ ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು. ಈರಣ್ಣನ ಕೈ ಭೂಪಟದ ಮೇಲೆ ನಿಂತಿತು.

"ಬ್ಯಾಡ ಅಂತಾರೆ. ಟೆಂಟ್‌ಗೆ ಊಟದ್ ವಾಸ್ನೆ ಅಂಟಿದ್ರೆ ಕರಡಿ ಬತ್ತದೆ."

"ಎಡೆಗೆ ಕರಡಿ ಬರೋದು ಎಲ್ಲೂ ಕೇಳಿಲ್ಲಪ್ಪ."

"ಅಮ್ಮಂಗಿಂತ ಮುಂಚೆ ಬಂದು ಕೂತ್ಕೊಬುಡ್ತದೆ," ಅಂದಳು. ಮೂವರೂ ನಕ್ಕೆವು. ನಕ್ಕಿದ್ದಕ್ಕೆ ಮೂವರಿಗೂ ಸ್ವಲ್ಪ ನಾಚಿಕೆಯಾಯಿತು.

ಮೂರನೆಯವಳು

ಅದೇ ಮೇಜಿನ ಮೇಲೆ ಮಾರನೆಯ ದಿನ ನಮ್ಮ ಲೆಕ್ಕಾಚಾರವೆಲ್ಲ ತಲೆಕೆಳಗಾಯಿತು. ವಸಂತಳ ಬಂಡೆಯನ್ನು ತೋರಿಸು ಎಂದು ನಾನೇ ಕೇಳಿದ್ದೆ. ಮೀರಾ ಬೆರಳಿಟ್ಟಳು. ಬೆರಳು ಕಚ್ಚಾ ಹೊಲಿಗೆಯ ಆಚೆ ಇತ್ತು.

ಆ ಕೆರೆಯ ತುದಿಯಲ್ಲಿ ಒಂದು ಸಣ್ಣ ಜಲಪಾತವಿದೆ. ಅದನ್ನು ಬಳಸಿ ದೋಣಿ ಹೊತ್ತು ಹೋಗುವ ಕಾಲುದಾರಿ ಅಮೆರಿಕದ ದಡದಲ್ಲಿದೆ. ದಾರಿ ಶುರುವಾಗುವ ಕಡೆಯೇ ಆ ಬಂಡೆ. ವರ್ಷಕ್ಕೊಮ್ಮೆ ಅವರು ಅಲ್ಲಿ ಇಳಿದು, ವಸಂತ ಬಂಡೆಯ ಮೇಲೆ ಕೂತು ಬೂಟು ಬಿಚ್ಚಿ ಕಾಲು ನೀರಿಗಿಡುತ್ತಿದ್ದಳಂತೆ. ಗಡಿಯ ಮೇಲಿನ ಇಂಥ ದಾರಿಗಳಲ್ಲಿ ಎರಡೂ ದೇಶದವರು ನಡೆಯಬಹುದು ಎಂದು ಬಹಳ ಹಳೆಯ ಒಪ್ಪಂದವೊಂದು ಇದೆಯಂತೆ. ವಸಂತ ಅಷ್ಟು ಹೊತ್ತಿಗೆ ಕೆನಡಾದವಳಾಗಿದ್ದಳು. ಯಾರಿಗೂ ಯೋಚನೆ ಬಂದಿರಲಿಲ್ಲ.

"ಎರಡೂ ದೇಶದೋರು," ಎಂದು ಮೀರಾ ಫೋನಿನಲ್ಲಿ ಓದುತ್ತಾ ನಿಧಾನವಾಗಿ ಹೇಳಿದಳು. "ನೀನು..."

"ನಾನು ಮೂರನೆಯೋಳು."

ನನ್ನ ಹತ್ತಿರ ಇದ್ದದ್ದು ಕೆನಡಾದ ವೀಸಾ ಮಾತ್ರ. ಅಮೆರಿಕದ್ದಕ್ಕೆ ಬೇರೆ ಅರ್ಜಿ, ಬೇರೆ ಸಂದರ್ಶನ, ತಿಂಗಳುಗಟ್ಟಲೆ ಕಾಯಬೇಕು. ಅಮಾವಾಸ್ಯೆಗೆ ಒಂದು ವಾರವೂ ಇರಲಿಲ್ಲ. ಈರಣ್ಣ ಗಡಿ ಕಚೇರಿಗೆ ಫೋನ್ ಮಾಡಿದರು. ಕೇಳಿದ್ದನ್ನೇ ಇನ್ನೊಂದು ರೀತಿ ಕೇಳಿದರು. ಆ ಕಡೆಯವರು ಸಮಾಧಾನದಿಂದಲೇ ಹೇಳಿದರಂತೆ: ದೋಣಿಯಲ್ಲಿ ಕೂತು ಗೆರೆಯ ಆ ಕಡೆ ಈ ಕಡೆ ಹೋದರೆ ತಕರಾರಿಲ್ಲ, ಅಮೆರಿಕದ ನೆಲ ಮುಟ್ಟಬಾರದು, ದೋಣಿಯನ್ನು ದಡಕ್ಕೆ ಕಟ್ಟಲೂ ಬಾರದು.

ನಾನು ಹಿತ್ತಲಿಗೆ ಹೋಗಿ ನಿಂತೆ. ಅಳು ಬರಲಿಲ್ಲ, ಸಿಟ್ಟು ಬಂತು. ಅವಳು ಸಾಯುವಾಗಲೂ ಒಂದು ಕಾಗದ ಅಡ್ಡ ಬಂದಿತ್ತು. ಈಗ ಅವಳಿಗೆ ಒಂದು ತುತ್ತು ಇಡುವುದಕ್ಕೂ ಇನ್ನೊಂದು ಕಾಗದ.

ಮೀರಾ ಹಿಂದೆಯೇ ಬಂದಳು. "ಅಲ್ಲಿ ಯಾರೂ ಇರಲ್ಲ ದೊಡ್ಡಮ್ಮ. ಮರ, ಬಾತುಕೋಳಿ ಅಷ್ಟೇ. ಇಳಿದು ಮಡಗ್ಬುಟ್ಟು ಬಂದ್ಬುಡನ. ಯಾರ್ ನೋಡ್ತಾರೆ?"

ಈರಣ್ಣ ಬಾಗಿಲಲ್ಲಿ ನಿಂತಿದ್ದರು. ಅವಳಿಗಲ್ಲ, ನನಗೆ ಹೇಳಿದರು. ಮೀರಾ ಒಲ್ಲದ ಮನಸ್ಸಿನಿಂದ ಕನ್ನಡ ಮಾಡಿದಳು: "ನಾನು ಫೋನಲ್ಲಿ ನನ್ ಹೆಸ್ರು ಹೇಳಿ ಕೇಳ್ಬುಟ್ಟಿದೀನಿ, ಅವ್ರು ಹೇಳವ್ರೆ, ನಾನು ಊ ಅಂದಿದೀನಿ ಅಂತಾರೆ. ಎದುರುಗಡೆ ದಡ ನಮ್ದು, ಅಲ್ಲಿಂದ ಬಂಡೆ ಕಾಣುಸ್ತದಂತೆ. ಓಗೋದೋ ಬುಡೋದೋ ಅಕ್ಕ ಹೇಳ್ಲಿ ಅಂತಾರೆ. ಓದ್ರೆ, ಅಕ್ಕ ಇಳಿಯಂಗಿಲ್ಲ ಅಂದ್ರೆ ನಾವೂ ಇಳಿಯಲ್ಲ, ಅಂತಾರೆ."

ಆ ಕೊನೆಯ ಮಾತಿಗೆ ನನ್ನ ಸಿಟ್ಟು ಇಳಿಯಿತು. ಅವರಿಗೆ ಇಳಿಯಲು ಅಡ್ಡಿಯಿರಲಿಲ್ಲ. ತಾವು ಇಳಿದು ಎಡೆ ಇಟ್ಟು ಬರುತ್ತೇವೆ, ನೀನು ದೋಣಿಯಲ್ಲಿ ಕೂತಿರು ಎನ್ನಬಹುದಿತ್ತು.

"ಓಗನ," ಎಂದೆ. "ಎದುರುಗಡೆ ದಡದಲ್ಲೇ ಮಡಗನ."

ಮನೆಯ ಹತ್ತಿರದ ಕೊಳ

ಹೊರಡುವ ಮುಂಚೆ ನನಗೆ ಅಭ್ಯಾಸ ಬೇಕು ಎಂದು ಈರಣ್ಣ ಹತ್ತಿರದ ಕೊಳಕ್ಕೆ ಕರೆದೊಯ್ದರು. ನೀರಿನಲ್ಲಿ ತೊಡುವ ತೇಲು ಜಾಕೆಟ್ಟನ್ನು ಮೀರಾ ನನಗೆ ಹಾಕಿದಳು. ವಸಂತಳದ್ದು. ಅದಕ್ಕೆ ಎರಡೂ ಪಕ್ಕೆಯಲ್ಲಿ ಎಳೆದು ಬಿಗಿ ಮಾಡುವ ಪಟ್ಟಿಗಳಿರುತ್ತವೆ. ಅವು ಬಹಳ ಒಳಗೆ ಎಳೆದಿದ್ದವು. ನಾನು ಹೊಲಿದು ತಂದ ರವಿಕೆಯ ಅಳತೆಗೂ ಅದಕ್ಕೂ ಒಂದು ಹಿಡಿ ವ್ಯತ್ಯಾಸ. ಕೊನೆಯ ಸಲ ಆ ಕೆರೆಗೆ ಹೋದಾಗ ಅವಳು ಎಷ್ಟು ಇಳಿದುಹೋಗಿದ್ದಳು ಎಂದು ಯಾರೂ ಹೇಳದೆಯೇ ನನಗೆ ತಿಳಿಯಿತು. ಈರಣ್ಣ ಪಟ್ಟಿ ಸಡಿಲ ಮಾಡಲು ಕೈ ಚಾಚಿ ಹಾಗೇ ನಿಂತರು. ನಾನು ಉಸಿರು ಬಿಗಿಹಿಡಿದು ಅದೇ ಅಳತೆಗೆ ಕೊಂಡಿ ಹಾಕಿಕೊಂಡೆ. ಸ್ವಲ್ಪ ಹೊತ್ತಾದ ಮೇಲೆ, ಉಸಿರಾಡಲು ಆಗದೆ, ನಾನೇ ಸಡಿಲಿಸಿದೆ.

ದೋಣಿ ಹತ್ತಿ ಕೂತೆ. ಹಿಂದಿನಿಂದ ಮೀರಾ ನಕ್ಕಳು. ನಾನು ಈರಣ್ಣನ ಕಡೆ ಮುಖ ಮಾಡಿ ಕೂತಿದ್ದೆ. ತಲಕಾಡಿನ ಹರಿಗೋಲಿನಲ್ಲಿ ಎಲ್ಲರೂ ಸುತ್ತ ಕೂತು ಒಬ್ಬರ ಮುಖ ಒಬ್ಬರು ನೋಡುತ್ತೇವಲ್ಲ, ಆ ರೂಢಿ. ಇಲ್ಲಿ ಎಲ್ಲರೂ ಒಂದೇ ಕಡೆ ನೋಡಬೇಕು, ಮುಂದಿನವರ ಬೆನ್ನು ಹಿಂದಿನವರಿಗೆ. ಬೆನ್ನು ತೋರಿಸಿ ಕೂರುವುದು ನನಗೆ ಮೊದಲು ಸರಿಬರಲಿಲ್ಲ. ತಿರುಗಿ ಕೂರಲು ಎದ್ದೆ. ಕನೂದಲ್ಲಿ ಏಳಬಾರದು ಎಂಬುದು ಎದ್ದ ಮೇಲೆ ಗೊತ್ತಾಯಿತು. ಬಿದ್ದ ಕಡೆ ನೀರು ಸೊಂಟದವರೆಗೆ ಇತ್ತು, ಅದರ ತಣುಪು ಮಾತ್ರ ಮೂಳೆಗೆ ಇಳಿಯಿತು.

ಅವರ ಹಿತ್ತಲಲ್ಲಿ ಮರದ ಒಂದು ಬಿಸಿ ಕೋಣೆಯಿದೆ. ಒಲೆಯ ಮೇಲೆ ಕಲ್ಲು ಕಾಯಿಸಿ, ನೀರು ಚಿಮುಕಿಸಿ, ಹಬೆಯಲ್ಲಿ ಕೂರುತ್ತಾರೆ. ನಡುಗುತ್ತಾ ಬಂದ ನನ್ನನ್ನು ಮೀರಾ ಅದರೊಳಗೆ ಕೂರಿಸಿದಳು. ದೀಪಾವಳಿಯ ಮುಂಚಿನ ದಿನ ಹಂಡೆ ಒಲೆಯ ಪಕ್ಕ ಎಣ್ಣೆ ಹಚ್ಚಿಕೊಂಡು ಕೂತ ಹಾಗಾಯಿತು. ಮೀರಾ ನನ್ನ ಬೆನ್ನು ಉಜ್ಜಿದಳು. ಚಿಕ್ಕವಳಿದ್ದಾಗ ವಸಂತಳ ಬೆನ್ನನ್ನು ನಾನು ಉಜ್ಜುತ್ತಿದ್ದೆ.

ಗಡಿ ಕೆರೆ

ಅಮಾವಾಸ್ಯೆಯ ಹಿಂದಿನ ದಿನ ಹೊರಟೆವು. ಡಾಂಬರು ರಸ್ತೆ ಮುಗಿದು, ಮಣ್ಣು ರಸ್ತೆಯೂ ಮುಗಿದು, ನೀರು ಶುರುವಾಯಿತು. ಈರಣ್ಣ ಹಿಂದೆ, ಮೀರಾ ಮುಂದೆ, ನಾನು ನಡುವೆ ಸಾಮಾನಿನ ಜೊತೆ ಒಂದು ಸಾಮಾನಾಗಿ. ದಡದ ಮರಗಳೆಲ್ಲ ಹಳದಿಯಾಗಿದ್ದವು. ಅಷ್ಟು ದೊಡ್ಡ ನೀರಿನ ಮೇಲೆ ಒಂದು ಪ್ಲಾಸ್ಟಿಕ್ ಚೂರು ಕಾಣಲಿಲ್ಲ. ಕುಕ್ಕರಹಳ್ಳಿ ಕೆರೆಯ ಏರಿ ಮೇಲೆ ಬೆಳಿಗ್ಗೆ ನಡೆಯುವವರ ಮಾತೇ ಎಷ್ಟಿರುತ್ತದೆ. ಇಲ್ಲಿ ಹುಟ್ಟಿನಿಂದ ತೊಟ್ಟಿಕ್ಕುವ ಹನಿಯ ಸದ್ದನ್ನು ಎಣಿಸಬಹುದಿತ್ತು.

ಕೆನಡಾದ ಒಳಗೇ ಇದ್ದ ಮೊದಲ ಕಾಲುದಾರಿಯಲ್ಲಿ ಈರಣ್ಣ ದೋಣಿಯನ್ನು ಮಗುಚಿ ಹೆಗಲ ಮೇಲೆ ಹೊತ್ತರು. ತಲೆ ಕಾಣದೆ, ಕಾಲು ಬಂದ ದೋಣಿಯ ಹಾಗೆ ನಡೆದರು. ನಾನು ಅಡುಗೆ ಚೀಲ ಹೊತ್ತು ಹಿಂದೆ. ಎದುರಿಗೆ ಇನ್ನೊಂದು ದೋಣಿ ಹೊತ್ತ ವಯಸ್ಸಾದ ದಂಪತಿ ಬಂದರು. ದೋಣಿಯೊಳಗಿನಿಂದಲೇ ದೋಣಿಯೊಳಗಿದ್ದವರಿಗೆ ನಮಸ್ಕಾರ ಹೇಳಿಕೊಂಡರು. ನಾನು ಎಡವಿದ್ದನ್ನು ನೋಡಿ ಆ ಹೆಂಗಸು ತನ್ನ ಊರುಗೋಲನ್ನು ನನ್ನ ಕೈಗೆ ಕೊಟ್ಟು, ನನ್ನ ಉತ್ತರಕ್ಕೂ ನಿಲ್ಲದೆ ಹೋದಳು. ಅವಳ ಹೆಸರೂ ನನಗೆ ಗೊತ್ತಿಲ್ಲ. ಆ ಕೋಲು ಇಲ್ಲದಿದ್ದರೆ ನಾನು ಆ ಕಲ್ಲುದಾರಿ ದಾಟುತ್ತಿರಲಿಲ್ಲ.

ಸಂಜೆಗೆ ಗಡಿ ಕೆರೆ ಸೇರಿದೆವು. ಕೆನಡಾದ ದಡದಲ್ಲಿ, ನೀರಿನವರೆಗೆ ಇಳಿಯುವ ಒಂದು ಚಪ್ಪಟೆ ಕಲ್ಲಿನ ಹತ್ತಿರ ಟೆಂಟ್ ಹಾಕಿದರು. ಆ ಕಡೆಯಿಂದ ಜಲಪಾತದ ಸದ್ದು. ಮೀರಾ ನನ್ನ ಭುಜ ಹಿಡಿದು ತಿರುಗಿಸಿದಳು. ಎದುರು ದಡದಲ್ಲಿ ಒಂದು ಬೂದು ಬಂಡೆ, ಕೂರುವುದಕ್ಕೆಂದೇ ಮಾಡಿದಂತೆ ನಡುವೆ ತಗ್ಗು. ನಮ್ಮ ಬೀದಿಯ ಈ ತುದಿಯಿಂದ ಆ ತುದಿಯಷ್ಟು ದೂರ. ನಾನು ಅದನ್ನು ಕತ್ತಲಾಗುವವರೆಗೆ ನೋಡಿದೆ.

ಅಮಾವಾಸ್ಯೆ

ಬೆಳಿಗ್ಗೆ ಈರಣ್ಣ ಗಾಳ ಹಾಕಿ ಮೀನು ತಂದರು, ಕಲ್ಲಿನ ಮೇಲೆ ಶುಚಿ ಮಾಡಿ ಕೊಟ್ಟರು. ವಸಂತಳಿಗೆ ಮೀನು ಸಾರು, ಮುದ್ದೆ ಎಂದರೆ ಪ್ರಾಣ. ಮೂರು ಕಲ್ಲಿನ ಒಲೆಯ ಮೇಲೆ ಹುಣಸೆಹುಳಿ ಕುದಿಯುವ ವಾಸನೆ ಎದ್ದಾಗ ಮೀರಾ ಒಲೆಯ ಪಕ್ಕ ಬಂದು ಕೂತಳು. "ಅಮ್ಮ ಮಾಡ್ದಂಗೇ ಅದೆ," ಅಂದಳು. ಮುದ್ದೆ ತಿರುವುವಾಗ ಪಾತ್ರೆ ಅಲುಗದಂತೆ ಈರಣ್ಣ ಎರಡು ಕವೆಗೋಲಿನಲ್ಲಿ ಅದುಮಿ ಹಿಡಿದರು. ಹೇಳಿಕೊಡಬೇಕಾಗಿರಲಿಲ್ಲ, ಎಷ್ಟೋ ಸಲ ಹಿಡಿದ ಕೈ.

ಚಪ್ಪಟೆ ಕಲ್ಲಿನ ಮೇಲೆ ಸೀರೆ, ರವಿಕೆ ಇಟ್ಟೆ. ಹೆಸರು ಕೊರೆದ ತಟ್ಟೆಯಲ್ಲಿ ಮುದ್ದೆ, ಸಾರು. ಕೆಂಡಕ್ಕೆ ಸಾಂಬ್ರಾಣಿ ಹಾಕಿದೆ. ಮೂವರೂ ಕೈಮುಗಿದೆವು. ಇನ್ನು ಹೊರಗೆ ಹೋಗಿ ಬಾಗಿಲು ಮುಚ್ಚಬೇಕು. ಸುತ್ತ ಎಲ್ಲವೂ ಹೊರಗೇ.

"ಈಗ ಏನು ಮಾಡೋದು?" ಎಂದೆ.

ಈರಣ್ಣ ಸ್ವಲ್ಪ ಯೋಚಿಸಿ ದೋಣಿ ತೋರಿಸಿದರು. ಅವರು ಅಂದದ್ದನ್ನು ಮೀರಾ ಹೇಳಿದಳು: "ನೀರಿನ್ ಮೇಲೆ ಓಗ್ಬುಡನ ಅಂತಾರೆ. ನೆಲಾನೆಲ್ಲ ಅಮ್ಮಂಗೆ ಬುಟ್ಬುಟ್ಟು."

ಹಾಗೇ ಮಾಡಿದೆವು. ಎಡೆಯ ಕಡೆ ಬೆನ್ನು ಮಾಡಿ ಹುಟ್ಟು ಹಾಕಿದೆವು. ನಮ್ಮ ಮುಂದೆ ಈಗ ಬಂಡೆಯೊಂದೇ. ಈರಣ್ಣ ದೋಣಿಯನ್ನು ನೇರ ಅದರ ಕಡೆಗೇ ನಡೆಸಿದರು. ಕಚ್ಚಾ ಹೊಲಿಗೆಯನ್ನು ಯಾವಾಗ ದಾಟಿದೆವೋ ತಿಳಿಯಲಿಲ್ಲ. ಬಂಡೆಯ ಪಕ್ಕಕ್ಕೆ ಬಂದು, ಹುಟ್ಟನ್ನು ನೀರಿನಲ್ಲಿ ಅಡ್ಡ ಹಿಡಿದು, ದೋಣಿ ತಗುಲದಂತೆ ನಿಲ್ಲಿಸಿದರು. ಕಲ್ಲಿನ ಮೇಲಿನ ಹಾವಸೆಯ ಎಳೆಗಳು ಕಾಣುತ್ತಿದ್ದವು. ಒಂದು ಮೊಳ ದೂರ.

"ಮುಟ್ಟು ದೊಡ್ಡಮ್ಮ," ಎಂದು ಮೀರಾ ಪಿಸುಗುಟ್ಟಿದಳು. "ಕಾಲಿಟ್ಟಂಗಾಗಲ್ಲ. ನಾ ಯಾರ್ಗೂ ಹೇಳಲ್ಲ."

ನಾನು ಕೈ ಚಾಚಿದೆ. ಚಾಚಿ ಈರಣ್ಣನ ಕಡೆ ತಿರುಗಿದೆ. ಅವರು ಮುಖವನ್ನು ಪೂರ್ತಿ ಆ ಕಡೆ ತಿರುಗಿಸಿ, ಜಲಪಾತ ನೋಡುತ್ತಿದ್ದರು. ಹುಟ್ಟು ಹಿಡಿದ ಕೈಯ ನರಗಳು ಉಬ್ಬಿದ್ದವು. ನಾನು ಮುಟ್ಟಿದರೆ ಅವರು ಯಾವತ್ತೂ ನೋಡಿದವರಾಗುತ್ತಿರಲಿಲ್ಲ. ಅವರು ಊ ಎಂದು ಕೊಟ್ಟ ಮಾತನ್ನು ನನ್ನ ಕೈಗೆ ಕೊಟ್ಟು ಮುಖ ತಿರುಗಿಸಿಕೊಂಡಿದ್ದರು.

ನಾನು ಕೈಯನ್ನು ನೀರಿಗೆ ಇಳಿಸಿದೆ. ಬಂಡೆಯ ಬುಡದ ನೀರು. ಅವಳನ್ನು ಬಿಟ್ಟದ್ದೂ ಬಂಡೆಯ ಮೇಲಲ್ಲ, ಇಲ್ಲಿಯೇ. ಮಣಿಕಟ್ಟು ಮರಗಟ್ಟುವವರೆಗೆ ಹಾಗೇ ಇಟ್ಟಿದ್ದೆ. ಎಂಟು ತಿಂಗಳಿನಿಂದ ಎದೆಯಲ್ಲಿ ಒತ್ತಿಕೊಂಡಿದ್ದದ್ದು ಯಾವುದೋ ಸ್ವಲ್ಪ ಸರಿದು ಜಾಗ ಕೊಟ್ಟಿತು. "ಬಂದೆ ಕಣೇ," ಎಂದೆ. ಅಷ್ಟೇ ಹೇಳಲು ಬಂತು.

ಕೆರೆಯ ನಡುವಿಗೆ ವಾಪಸು ಬಂದು, ಹುಟ್ಟುಗಳನ್ನು ಮಡಿಲಲ್ಲಿಟ್ಟುಕೊಂಡು ಕೂತೆವು. ಎಡೆಯ ಕಡೆ ಯಾರೂ ತಿರುಗಿ ನೋಡಲಿಲ್ಲ. ಒಂದೇ ಸಾಲಿನಲ್ಲಿ, ಬೆನ್ನಿಗೆ ಮುಖವಾಗಿ ಕೂತಿದ್ದೆವು. ಯಾರು ಅಳುತ್ತಿದ್ದಾರೆ ಎಂದು ಯಾರಿಗೂ ಕಾಣುತ್ತಿರಲಿಲ್ಲ. ಹಾಗೆ ಕೂರುವುದರಲ್ಲೂ ಒಂದು ಉಪಕಾರವಿದೆ.

"ಎಷ್ಟ್ ಹೊತ್ತು ಕಾಯ್ಬೇಕು?" ಎಂದು ಮೀರಾ ಕೇಳಿದಳು.

"ಒಬ್ರು ಊಟ ಮಾಡೋಷ್ಟು."

ಅದನ್ನು ಅವಳು ಅಪ್ಪನಿಗೆ ಹೇಳಿದಳು. ಆಮೇಲೆ ಈರಣ್ಣ ತಾವಾಗಿ ಮಾತಾಡಿದರು, ನಾನು ಬಂದ ಮೇಲೆ ಕೇಳಿದ ಅವರ ಅತಿ ಉದ್ದದ ಮಾತು. ಮೀರಾ ಮುಂದೆ ನೋಡುತ್ತಲೇ ಕನ್ನಡ ಮಾಡಿದಳು. ಆಸ್ಪತ್ರೆಯಲ್ಲಿ ಕೊನೆಕೊನೆಗೆ ವಸಂತಳಿಗೆ ಎರಡು ಚಮಚ ಗಂಜಿಗೆ ಒಂದು ಮಧ್ಯಾಹ್ನವೇ ಬೇಕಾಗುತ್ತಿತ್ತಂತೆ. ಅಲ್ಲಿ ಊಟದ ತಟ್ಟೆ ಎತ್ತಿಕೊಂಡು ಹೋಗುವವರು ಬಂದು ಬಾಗಿಲಲ್ಲಿ ನಿಂತರೆ, ಅವಳು ಅವಸರಪಟ್ಟು ಸಾಕು ಎಂದುಬಿಡುತ್ತಿದ್ದಳಂತೆ.

"ಅದ್ಕೇ," ಅಂದಳು ಮೀರಾ. "ಇವತ್ತು ಅವಸ್ರ ಮಾಡದು ಬ್ಯಾಡ ಅಂತಾರೆ ಅಪ್ಪ."

ಹಿರಿಯಳು ನಾನು, ಚಪ್ಪಾಳೆ ತಟ್ಟಬೇಕಾದವಳು ನಾನೇ. ಕೈಗಳನ್ನು ಮಡಿಲಲ್ಲೇ ಇಟ್ಟುಕೊಂಡೆ. ಮೋಡ ಬಂದು ನೀರಿನ ಬಣ್ಣ ಬದಲಾಯಿತು. ಗಾಳಿ ದೋಣಿಯನ್ನು ಗೆರೆಯ ಆ ಕಡೆಗೂ ಈ ಕಡೆಗೂ ತಳ್ಳಿತು, ಈರಣ್ಣ ಸರಿಪಡಿಸಲಿಲ್ಲ. ನನಗೆ ಹಸಿವಾಗಿತ್ತು, ಮೀರಾಗೂ ಆಗಿರಬೇಕು. ಯಾರೂ ಬಾಗಿಲಲ್ಲಿ ಹೋಗಿ ನಿಲ್ಲಲಿಲ್ಲ.